ಕೌದಿಯ ಹೊಟ್ಟೆಗೆ ನಾಲ್ಕು ಕಾಳು ಅಕ್ಕಿ

ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸು ಕಲಘಟಗಿ ದಾಟುವವರೆಗೂ ಕಣ್ಣಿಗೆ ಬೀಳುವುದು ಬಯಲಿನ ಹೊಲಗಳೇ. ಕಿರವತ್ತಿ ಹತ್ತಿರವಾದಂತೆ ನೋಟ ಬದಲಾಗುತ್ತದೆ. ತೇಗದ ಮರಗಳು ರಸ್ತೆಯ ಎರಡೂ ಬದಿಗೆ ಒತ್ತಿ ಬರುತ್ತವೆ, ಕಿಟಕಿಯಿಂದ ನುಗ್ಗುವ ಗಾಳಿ ತಣ್ಣಗಾಗುತ್ತದೆ. ಮಾಗೋಡು, ಸಾತೊಡ್ಡಿ ಜಲಪಾತಗಳನ್ನು ನೋಡಲು ಹೊರಟವರಿಗೆ ಇದು ಪರಿಚಿತ ದಾರಿ. ಆದರೆ ಹೆದ್ದಾರಿ ಬಿಟ್ಟು ಕಾಡಿನೊಳಗಿನ ಊರುಗಳತ್ತ ಹೊರಳಿದರೆ ಜಲಪಾತದಷ್ಟೇ ಕಣ್ಣು ಸೆಳೆಯುವ ಇನ್ನೊಂದು ವಸ್ತು ಕಾಣಸಿಗುತ್ತದೆ. ಮಳೆಗಾಲ ಮುಗಿದ ದಿನಗಳಲ್ಲಿ ಮನೆಯಂಗಳದ ಬೇಲಿಯ ಮೇಲೆ ಬಿಸಿಲಿಗೆ ಹರವಿದ ಕೌದಿಗಳು ಅವು. ಕೆಂಪಿನ ಪಕ್ಕದಲ್ಲಿ ಹಳದಿ, ಹಳದಿಯ ಪಕ್ಕದಲ್ಲಿ ಕಡುನೀಲಿ, ನಡುವೆ ಎಲ್ಲೋ ಒಂದು ಹೂವಿನ ಚಿತ್ತಾರದ ತುಂಡು.

ಇವು ಸಿದ್ದಿ ಜನರ ಮನೆಗಳು. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ಸಿದ್ದಿಯರು ಹರಡಿಕೊಂಡಿದ್ದಾರೆ. ಅವರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದಿಳಿದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಮನೆಮಾತು ಕೊಂಕಣಿಯ ಒಂದು ರೂಪ. ಕನ್ನಡವಂತೂ ಎಲ್ಲರಿಗೂ ಬರುತ್ತದೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ಬರಿಗೈಯಲ್ಲಿ ಓಡಿ ಬಂದವರ ಮೊಮ್ಮಕ್ಕಳು ಮರಿಮಕ್ಕಳ ಮನೆಗಳಲ್ಲಿ ಅಜ್ಜಿ ಅಮ್ಮಂದಿರು ಹೊಲಿದ ಕೌದಿಗೆ ದೊಡ್ಡ ಸ್ಥಾನವಿದೆ. ಅವರು ಅದನ್ನು ಕವಂದಿ ಎನ್ನುತ್ತಾರೆ. ನಮ್ಮ ಧಾರವಾಡ, ವಿಜಯಪುರ ಕಡೆಯ ಕೌದಿಗೂ ಕವಂದಿಗೂ ಹೆಸರಿನಲ್ಲಿ ನಂಟಿದೆ. ಹೊಲಿಯುವ ಕ್ರಮದಲ್ಲಿ ಮಾತ್ರ ಕವಂದಿಯದು ಬೇರೆಯದೇ ಜಾಡು.

ಅಂಚಿನಿಂದ ನಡುವಿಗೆ

ಕವಂದಿ ಹೊಲಿಯಲು ಮಗ್ಗ ಬೇಡ, ಚೌಕಟ್ಟು ಬೇಡ, ಯಂತ್ರವೂ ಬೇಡ. ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿಕೊಂಡರೆ ಅದೇ ಬುನಾದಿ. ಅದರ ಮೇಲೆ ಹೊಲಿಯುವವಳ ಕೆಲಸ ಒಂದು ಮೂಲೆಯಿಂದ ಶುರುವಾಗುತ್ತದೆ. ಅಂಚನ್ನು ಮಡಚಿ ಒಂದು ತುಂಡು ಇಟ್ಟು, ಸೂಜಿಯನ್ನು ಮೇಲೆ ಕೆಳಗೆ ಹಾಯಿಸುವ ಸಾದಾ ಹೊಲಿಗೆ. ಅದಕ್ಕೆ ತಾಗಿಕೊಂಡು ಮತ್ತೊಂದು ತುಂಡು. ಹೀಗೆ ನಾಲ್ಕೂ ಅಂಚು ಸುತ್ತಿ ಬಂದ ಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು. ಬಾವಿಯ ಮೆಟ್ಟಿಲಿಳಿದಂತೆ ಹೊಲಿಗೆ ಹೊರಗಿನಿಂದ ಒಳಗೆ ಸಾಗುತ್ತದೆ. ತುಂಡು ಸೇರಿಸುವುದೂ ಪದರಗಳನ್ನು ಬಿಗಿಯುವುದೂ ಒಂದೇ ದಾರದಲ್ಲಿ ಒಟ್ಟಿಗೇ ಆಗುತ್ತವೆ.

ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಮುಂದಿನ ತುಂಡು ಯಾವುದೆಂದು ಹೇಳುವುದು ಈಗಷ್ಟೇ ಹೊಲಿದ ತುಂಡು. ಹಾಗಾಗಿ ಒಬ್ಬಳ ಕವಂದಿಯಂತೆ ಇನ್ನೊಬ್ಬಳದಿರುವುದಿಲ್ಲ. ಅಕ್ಷರ ನೋಡಿ ಮೇಷ್ಟ್ರು ಹುಡುಗನನ್ನು ಗುರುತಿಸುವ ಹಾಗೆ, ಬಣ್ಣದ ಜೋಡಣೆ ನೋಡಿ ಇದು ಇಂಥವಳ ಕೈ ಎಂದು ಬಲ್ಲವರು ಹೇಳಬಲ್ಲರು.

ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ಪುಟ್ಟ ತುಂಡುಗಳನ್ನು ಇಡುತ್ತಾರೆ. ಅವಕ್ಕೆ ಹೂವೆಂದೇ ಹೆಸರು. ಹೂವಿಲ್ಲದಿದ್ದರೆ ಕವಂದಿ ಬೋಳು, ಕೆಲಸ ಮುಗಿದಂತಲ್ಲ. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆಯ ಆಕಾರದ ತುಂಡುಗಳು ಕಾಣಬಹುದು, ಮುಸಲ್ಮಾನರ ಮನೆಯದರಲ್ಲಿ ಅರ್ಧಚಂದ್ರ. ಆಕಾರ ಬೇರೆಯಾದರೂ ಹೊಲಿಗೆ ಒಂದೇ. ಒಬ್ಬರು ಮಲಗುವುದು, ಇಬ್ಬರು ಮಲಗುವುದು, ಮಕ್ಕಳ ಸಮೇತ ಹೊದ್ದುಕೊಳ್ಳುವುದು ಎಂದು ಅಳತೆಯಲ್ಲಿ ಭೇದವಿದೆ. ತೊಟ್ಟಿಲ ಕೂಸಿನ ಕವಂದಿ ಎಲ್ಲಕ್ಕಿಂತ ಚಿಕ್ಕದು, ಬಣ್ಣದಲ್ಲಿ ಎಲ್ಲಕ್ಕಿಂತ ಶ್ರೀಮಂತ.

ಸುತ್ತುಗಳು ಮುಗಿಯುತ್ತ ಬಂದಂತೆ ನಡುವೆ ಒಂದಿಷ್ಟು ಜಾಗ ಉಳಿಯುತ್ತದೆ. ಅದು ಕವಂದಿಯ ಹೊಟ್ಟೆ. ಕೊನೆಯ ತುಂಡು ಮುಚ್ಚುವ ಮೊದಲು ಅದರಡಿಗೆ ನಾಲ್ಕು ಕಾಳು ಅಕ್ಕಿ ಹಾಕುವವರಿದ್ದಾರೆ. ಕವಂದಿಯ ಹೊಟ್ಟೆ ಹಸಿದಿರಬಾರದು ಎಂಬುದು ಅದರ ಭಾವ. ಬಯಲುಸೀಮೆಯ ಕೆಲವು ಮನೆಗಳಲ್ಲೂ ಕೌದಿ ಮುಗಿಸುವ ದಿನ ಅದರೊಳಗೆ ಹೋಳಿಗೆಯದೋ ರೊಟ್ಟಿಯದೋ ಚೂರು ಇಟ್ಟು ಹೊಲಿಯುತ್ತಾರೆ. ಹೊದ್ದವರು ಹಸಿದು ಮಲಗಬಾರದೆಂಬ ಹಾರೈಕೆ ಎರಡು ಕಡೆಯೂ ಒಂದೇ.

ಯಾರ ಸೀರೆ, ಯಾರ ಅಂಗಿ?

ಕೌದಿ ಒಬ್ಬಳ ಕೈಯಿಂದಲೇ ಮುಗಿಯಬಹುದು. ಆದರೆ ಅದಕ್ಕೆ ಬೇಕಾದ ಬಟ್ಟೆ ಒಂದೇ ಮನೆಯಲ್ಲಿ ಸಿಗುವುದು ಅಪರೂಪ. ನೀಲಿ ಕಡಿಮೆಯಾಯಿತೆಂದು ಪಕ್ಕದ ಮನೆಗೆ ಹೋಗಬೇಕು, ಅಂಚಿಗೆ ಗಟ್ಟಿ ಬಟ್ಟೆ ಬೇಕೆಂದು ಅತ್ತಿಗೆಯನ್ನು ಕೇಳಬೇಕು. ಕೊಟ್ಟವರು ಸುಮ್ಮನೆ ಕೊಟ್ಟು ಕಳಿಸುವುದಿಲ್ಲ. 'ಎಲ್ಲಿಗೆ ಬಂತು ನಿನ್ನ ಕೌದಿ?' ಎಂದು ನೋಡಲು ಬರುತ್ತಾರೆ. ಬಂದವರು ಕೂರುತ್ತಾರೆ. ಕೂತವರು ಇನ್ನೊಂದು ಸೂಜಿಗೆ ದಾರ ಪೋಣಿಸುತ್ತಾರೆ. ಕಣ್ಣು ಮಂಜಾದ ಅಜ್ಜಿಗೆ ಸೂಜಿಗೆ ದಾರ ಹಾಕಿಕೊಡುವ ಕೆಲಸ ಶಾಲೆಯಿಂದ ಬಂದ ಮೊಮ್ಮಗಳದು. ಧಾರವಾಡ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮಧ್ಯಾಹ್ನಗಳಲ್ಲಿ ಪಡಸಾಲೆಯ ತುಂಬ ಕೌದಿ ಹಾಸಿ ನಾಲ್ಕು ಮಂದಿ ನಾಲ್ಕು ಬದಿಗೆ ಕೂರುವುದು ಇದೇ ರೀತಿ. ಕೈ ಕೆಲಸದಲ್ಲಿರುವಾಗ ಮಾತು ತಾನಾಗಿ ಬರುತ್ತದೆ. ಎದುರೆದುರು ಕೂತು ಹೇಳಲಾಗದ ಕಷ್ಟವನ್ನು ತಲೆ ತಗ್ಗಿಸಿ ಹೊಲಿಯುತ್ತ ಹೇಳಿಕೊಳ್ಳುವುದು ಸುಲಭ. ಸೊಸೆಯಾಗಿ ಬಂದ ಹೊಸ ಹುಡುಗಿಗೆ ಊರಿನ ಮೊದಲ ಗೆಳತಿ ಸಿಗುವುದು ಎಷ್ಟೋ ಸಲ ಇಂಥ ಕಡೆಯೇ.

ಹೀಗೆ ಮುಗಿದ ಕೌದಿ ಮನೆಯ ಪುಸ್ತಕವೂ ಹೌದು. ಹೊದ್ದು ಮಲಗಿದ ಮಗು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಕೇಳುತ್ತದೆ: 'ಅಜ್ಜೀ, ಇದು ಯಾರ ಸೀರೆ?' ಇದು ನಿನ್ನ ಅಮ್ಮನ ಮದುವೆಗೆ ಉಟ್ಟಿದ್ದು. ಇದು ಅಜ್ಜನ ಅಂಗಿ. ಇದು ಆಚೆಮನೆಯ ಅಕ್ಕ ಊರು ಬಿಡುವಾಗ ಕೊಟ್ಟುಹೋದದ್ದು. ತೀರಿಕೊಂಡವರೂ ದೂರ ಹೋದವರೂ ಅದೇ ಹೊದಿಕೆಯಲ್ಲಿ ಅಕ್ಕಪಕ್ಕ ಇರುತ್ತಾರೆ. ಓದಲೆಂದು ಊರು ಬಿಟ್ಟು ವಸತಿನಿಲಯ ಸೇರುವ ಹುಡುಗರ ಟ್ರಂಕಿನಲ್ಲಿ ತಾಯಂದಿರು ಕೌದಿ ಇಟ್ಟು ಕಳಿಸುತ್ತಿದ್ದುದು ಬರಿಯ ಚಳಿಗೆ ಹೆದರಿ ಅಲ್ಲ.

ಕೌದಿಗೆ ಇನ್ನೊಂದು ಗುಣವುಂಟು. ಹಳ್ಳದಲ್ಲಿ ತೊಳೆಯಲು ಹಾಕಿದರೆ ಅದು ನೀರು ಕುಡಿದು ಭಾರವಾಗುತ್ತದೆ. ಒಬ್ಬರೇ ಅದನ್ನು ಹಿಂಡಲಾರರು. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಎದುರುಬದುರಾಗಿ ತಿರುಚಬೇಕು. ಜಗಳವಾಡಿದ ನೆರೆಹೊರೆಯವರೂ ಕೌದಿ ಒಗೆಯುವ ದಿನ ಒಬ್ಬರನ್ನೊಬ್ಬರು ಕರೆಯಲೇಬೇಕು.

ಬದಲಾದ ಕಾಲ

ಈಗ ಒಗೆಯುವ ದಿನಗಳು ಕಡಿಮೆಯಾಗಿವೆ. ಅಂಗಡಿಯಲ್ಲಿ ಅಗ್ಗದ ರಗ್ಗು ಸಿಗುತ್ತದೆ. ಉಡುವ ಸೀರೆ ಹತ್ತಿಯದಲ್ಲ. ಜಾರುವ ಬಟ್ಟೆಗೆ ಕೈಹೊಲಿಗೆ ನಿಲ್ಲುವುದು ಕಷ್ಟ, ಬೆವರನ್ನೂ ಅದು ಹೀರದು. ತಾಯಿಗೆ ಕೂಲಿಯ ಕೆಲಸ, ಮಗಳಿಗೆ ಶಾಲೆ, ಟ್ಯೂಷನ್. ಮಧ್ಯಾಹ್ನದ ಬಿಡುವೇ ಇಲ್ಲವೆಂದ ಮೇಲೆ ಕೌದಿಯೆಲ್ಲಿ? ಮಕ್ಕಳು ಓದಬೇಕಾದದ್ದು ಸರಿಯೇ. ಆದರೆ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಸೂಜಿ ದಾಟದಿದ್ದರೆ ಈ ವಿದ್ಯೆಗೆ ಬೇರೆ ಪಠ್ಯಪುಸ್ತಕವಿಲ್ಲ. ಒಂದು ತಲೆಮಾರು ತಪ್ಪಿದರೆ ತಪ್ಪಿದಂತೆಯೇ.

ಈ ಕಲೆಯತ್ತ ಹೊರಗಿನ ಕಣ್ಣು ಬಿದ್ದದ್ದು ಈ ಶತಮಾನದ ಆರಂಭದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಊರುಗಳಲ್ಲಿ ಓಡಾಡಿ ಕವಂದಿಗಳ ಅಧ್ಯಯನ ನಡೆಸಿದರು. 2004ರಲ್ಲಿ ಹೊಲಿಯುವ ಮಹಿಳೆಯರ ಸಹಕಾರಿ ಗುಂಪೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಬೇಲಿಯ ಮೇಲೆ ಒಣಗುವ ವಸ್ತು ಗೋಡೆಯ ಮೇಲೆ ಚಿತ್ರದಂತೆ ತೂಗಿತು.

ಇದರಿಂದ ಕೈಗೆ ನಾಲ್ಕು ಕಾಸು ಬರುವ ದಾರಿಯಾಯಿತು. ತಮ್ಮ ಕೆಲಸಕ್ಕೆ ಬೆಲೆಯಿದೆಯೆಂಬುದು ತಿಳಿಯಿತು. ಇದು ಸಣ್ಣ ಮಾತಲ್ಲ. ಜೊತೆಗೇ ಒಂದು ಪ್ರಶ್ನೆಯೂ ಹುಟ್ಟಿತು. ಮಾರಲು ಹೊಲಿಯುವ ಕೌದಿಗೆ ಬಟ್ಟೆ ಮಾರುಕಟ್ಟೆಯಿಂದಲೋ ದರ್ಜಿಯ ಅಂಗಡಿಯಿಂದಲೋ ಬರಬಹುದು. ಅದರ ಯಾವ ಚೌಕಕ್ಕೂ ಹೆಸರಿಲ್ಲ. ಮಾರುವ ಕೌದಿಯೂ ಇರಲಿ, ಮೊಮ್ಮಗುವಿನ ಕೌದಿಯೂ ಇರಲಿ ಎನ್ನುವುದೇ ಇದಕ್ಕೆ ಉತ್ತರ. ಮೊದಲನೆಯದು ಮನೆ ನಡೆಸುತ್ತದೆ, ಎರಡನೆಯದು ಮನೆಯ ನೆನಪನ್ನು ಕಾಯುತ್ತದೆ.

ರಜೆಯಲ್ಲೊಂದು ಕೌದಿ

ಪಟ್ಟಣದ ಮಕ್ಕಳಿಗೂ ಈ ಹವ್ಯಾಸ ದೂರದ್ದಲ್ಲ. ರಜೆಯಲ್ಲಿ ಒಂದೂವರೆ ಅಡಿ ಚೌಕದ ಪುಟ್ಟ ಕೌದಿಯಿಂದ ಶುರು ಮಾಡಬಹುದು. ಕೂರುವ ಮಣೆಗೋ ಬೊಂಬೆಯ ಹಾಸಿಗೆಗೋ ಆದೀತು. ಬೇಕಾದದ್ದು ತೊಳೆದ ಹಳೆಯ ಹತ್ತಿ ಬಟ್ಟೆ, ಗಟ್ಟಿ ದಾರ, ಉದ್ದನೆಯ ಸೂಜಿ, ಕತ್ತರಿ. ಬೆರಳಿಗೆ ಅಂಗುಸ್ತಾನ ಇದ್ದರೆ ಒಳ್ಳೆಯದು. ಅಡಿಯ ಬಟ್ಟೆಯ ಅಂಚನ್ನು ಒಳಕ್ಕೆ ಮಡಚಿ, ತುಂಡಿನ ಅಂಚನ್ನೂ ಮಡಚಿ ಅದರ ಮೇಲಿಡಬೇಕು. ಹೊಲಿಗೆಯ ಸಾಲುಗಳ ನಡುವೆ ಒಂದು ಬೆರಳಿನಷ್ಟು ಅಂತರ ಸಾಕು. ಮುಂದಿನ ತುಂಡು ಹಿಂದಿನದರ ಬಿಚ್ಚಿದ ಅಂಚನ್ನು ಮುಚ್ಚಬೇಕು, ಇದೊಂದೇ ನಿಯಮ. ಬಟ್ಟೆ ಎಳೆದು ಹೊಲಿದರೆ ಕೌದಿ ಮುದುಡುತ್ತದೆ. ಹಾಸಿ, ಕೈಯಿಂದ ಸವರಿ, ನಿಧಾನವಾಗಿ ಹೊಲಿಯಬೇಕು. ಮೊದಲ ಸಾಲು ಸೊಟ್ಟಗಾದರೆ ಬಿಚ್ಚುವ ಅಗತ್ಯವಿಲ್ಲ. ಹತ್ತನೆಯ ಸಾಲು ನೆಟ್ಟಗಾದಾಗ ಮೊದಲನೆಯದು ಎಲ್ಲಿಂದ ಹೊರಟೆವೆಂದು ತೋರಿಸುತ್ತದೆ.

ಈ ಕೆಲಸ ಹೆಣ್ಣುಮಕ್ಕಳಿಗಷ್ಟೇ ಎಂದು ತಿಳಿಯಬೇಕಿಲ್ಲ. ಸೂಜಿಗೆ ಹುಡುಗ ಹುಡುಗಿ ಎಂಬ ಭೇದ ಗೊತ್ತಿಲ್ಲ. ತಂದೆತಾಯಂದಿರು ಗಮನಿಸಬೇಕಾದದ್ದು ಒಂದೇ: ಬಟ್ಟೆಯನ್ನು ಅಂಗಡಿಯಿಂದ ತಂದುಕೊಡಬೇಡಿ. ಮಗು ಅಜ್ಜಿಯ ಬಳಿ ಒಂದು ತುಂಡು, ಎದುರು ಮನೆಯವರ ಬಳಿ ಒಂದು ತುಂಡು, ತರಗತಿಯ ಗೆಳತಿಯಿಂದ ಚಿಕ್ಕದಾದ ಲಂಗದ ತುಂಡು ಕೇಳಿ ತರಲಿ. ಕೇಳಲು ನಾಚುವ ಮಗುವಿಗೂ ಇದೊಂದು ನೆಪ. ಬಟ್ಟೆಯ ಜೊತೆಗೆ ಅದರ ಕಥೆಯೂ ಬರುತ್ತದೆ, ಕಥೆ ಹೇಳಿದವರು ಕೌದಿ ನೋಡಲು ಮನೆಗೂ ಬರುತ್ತಾರೆ.

ಯಲ್ಲಾಪುರದ ಕಾಡಿನ ಅಂಗಳಗಳಲ್ಲಿ ಸಂಜೆಯಾದಂತೆ ಬೇಲಿಯ ಮೇಲಿನ ಕೌದಿಗಳನ್ನು ಒಳಗೆ ತರುತ್ತಾರೆ. ದೊಡ್ಡ ಕೌದಿಯಾದರೆ ಮಡಚಲೂ ಇಬ್ಬರು ಬೇಕು. ತುದಿಗಳನ್ನು ಹಿಡಿದ ಇಬ್ಬರೂ ಒಂದೊಂದು ಮಡಿಕೆಗೆ ಒಂದೊಂದು ಹೆಜ್ಜೆ ಹತ್ತಿರ ಬರುತ್ತಾರೆ. ಕೊನೆಯ ಮಡಿಕೆಯ ಹೊತ್ತಿಗೆ ಕೈಗೆ ಕೈ ತಾಗುತ್ತದೆ.