ಈಸೂರಿನ ಟೋಪಿ

ಒಂದು ಸಂಜೆ ಅಂಬ್ಲಿಗೊಳದ ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದೆನು. ಶಾಲೆಯಲ್ಲಿ ಈಸೂರಿನ ಕಥೆಯನ್ನು ಕೇಳಿ ಬಂದ ಮೊಮ್ಮಗನು, “ಅಜ್ಜ, ಅವರು ಇಬ್ಬರು ಅಧಿಕಾರಿಗಳನ್ನು ಕೊಂದರಂತಲ್ಲ! ಹಾಗಾದರೆ ಅವರು ಕೊಲೆಗಾರರೋ, ದೇಶಭಕ್ತರೋ?” ಎಂದು ಕೇಳಿದನು. ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿದವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಒಡನೆ ಉತ್ತರವು ಹೊಳೆಯದೆ, ನಡೆದುದನ್ನು ನಡೆದಂತೆಯೇ ಹೇಳತೊಡಗಿದೆನು.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ, ಆಂಗ್ಲರು ಭಾರತವನ್ನು ಬಿಟ್ಟು ತೊಲಗಬೇಕೆಂಬ ನಿರ್ಣಯವಾಯಿತು. ಮರುದಿನವೇ ಗಾಂಧೀಜಿಯವರೂ ಇತರ ಮುಖಂಡರೂ ಸೆರೆಯಾದರು. ಆ ಕರೆಯನ್ನು ಈಸೂರಿನ ಒಕ್ಕಲು ಮಕ್ಕಳು ಮನಸಾರೆ ನಂಬಿದರು. ಕಂದಾಯವನ್ನು ಕೊಡೆವೆಂದರು, ವೀರಭದ್ರ ದೇವಾಲಯದ ಮೇಲೆ ತ್ರಿವರ್ಣಧ್ವಜವನ್ನೇರಿಸಿದರು, ಒಬ್ಬ ಹುಡುಗನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಪೊಲೀಸು ಅಧಿಕಾರಿಯನ್ನಾಗಿಯೂ ಮಾಡಿ ತಮ್ಮದೇ ಸರ್ಕಾರವನ್ನು ಸಾರಿದರು. ಎಳೆಯರನ್ನು ಸೆರೆಗೆ ಹಾಕಲಾರರೆಂಬ ಎಣಿಕೆಯಿಂದಲೇ ಹುಡುಗರನ್ನು ಆರಿಸಿದರೆಂದು ಹೇಳುವರು. ಎಂದಮೇಲೆ ಅವರು ಎದುರು ನೋಡಿದುದು ಸೆರೆಮನೆಯನ್ನೇ ಹೊರತು ರಕ್ತವನ್ನಲ್ಲ.

ಸೆಪ್ಟೆಂಬರ್ 28ರಂದು ಅಮಲ್ದಾರ ಚನ್ನಕೃಷ್ಣಪ್ಪನವರೂ ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಡನೆ ಬಂದರು. ಊರೊಳಗೆ ಬರುವವರು ಗಾಂಧಿ ಟೋಪಿಯನ್ನು ಧರಿಸಬೇಕೆಂದು ಜನರು ಹಟ ಹಿಡಿದರು. ಮಾತಿಗೆ ಮಾತು ಬೆಳೆಯಿತು; ಲಾಠಿಯೇಟು ಬಿದ್ದಿತು; ಗುಂಡು ಹಾರಿತು. ರೊಚ್ಚಿಗೆದ್ದ ಗುಂಪು ಮೇಲೆರಗಿತು. ಇಬ್ಬರು ಅಧಿಕಾರಿಗಳೂ ಮಡಿದರು.

ಬಳಿಕ ದಂಡು ಬಂದಿತು, ಮನೆಗಳು ಸೂರೆಯಾದುವು, ಜನರು ಕಾಡು ಸೇರಿದರು. ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಬೆಂಗಳೂರಿನಲ್ಲಿ ಗಲ್ಲಿಗೇರಿದರು.

ಹೊಂಚು ಹಾಕಿ, ಗುರಿಯಿಟ್ಟು ಕೊಲ್ಲುವವನು ಹಂತಕನು. ಈಸೂರಿನವರು ಅಂತಹವರಲ್ಲ. ಆದರೂ ಎರಡು ಜೀವಗಳು ಹೋದುವೆಂಬುದನ್ನು ಮರೆಮಾಚಲಾಗದು. ಅಹಿಂಸೆಯ ಗುರುತಾದ ಟೋಪಿಯಿಂದಲೇ ಜಗಳ ಮೊದಲಾಯಿತೆಂಬುದು ನನ್ನನ್ನು ಇಂದಿಗೂ ಕಾಡುವ ವಿಷಯ. 1922ರಲ್ಲಿ ಚೌರಿಚೌರಾದಲ್ಲಿ ಪೊಲೀಸರು ಸುಟ್ಟು ಸತ್ತಾಗ, ಗಾಂಧೀಜಿಯವರು ಚಳವಳಿಯನ್ನೇ ನಿಲ್ಲಿಸಿದ್ದರು. 1942ರಲ್ಲಿಯಾದರೋ ಅವರು ಪುಣೆಯ ಆಗಾಖಾನ್ ಅರಮನೆಯಲ್ಲಿ ಬಂಧಿಯಾಗಿದ್ದರು. ಟೋಪಿಯು ಈಸೂರಿನವರೆಗೆ ಬಂದಿತ್ತು. “ತಡೆಯಿರಿ” ಎಂದು ಹೇಳಬಲ್ಲವರು ಸೆರೆಯಲ್ಲಿದ್ದರು.

ಇಷ್ಟನ್ನೂ ಕೇಳಿದ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, “ಆ ಅಮಲ್ದಾರರೂ ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದರೇ, ಅಜ್ಜ?” ಎಂದನು.

“ಹೌದಪ್ಪ. ಅವರು ಮಹಾರಾಜರ ಸರ್ಕಾರದ ಉಪ್ಪುಂಡವರು. ತಮ್ಮ ಕೆಲಸವೆಂದು ಬಂದಿದ್ದರು. ಇವರು ದೇಶದ ಕೆಲಸವೆಂದು ಎದುರು ನಿಂತರು.”

ಮುಂದಿನ ಭಾನುವಾರ ಅವನನ್ನು ಈಸೂರಿನ ಹುತಾತ್ಮರ ಸ್ಮಾರಕಕ್ಕೆ ಕರೆದೊಯ್ದೆನು. ಐವರ ಹೆಸರನ್ನು ಹೇಳಿ ಕೈಮುಗಿದನು. ಮರಳುವಾಗ ತಾನಾಗಿಯೇ ಇನ್ನೆರಡು ಹೆಸರುಗಳನ್ನೂ ಮೆಲ್ಲನೆ ಹೇಳಿಕೊಂಡನು. ನಾನು ತಡೆಯಲಿಲ್ಲ.