ಅಜ್ಜಿಯ ಮನೆ ಗಂಟೆ

ಹೋದ ಆಷಾಢದಲ್ಲಿ ನಮ್ಮ ಅಜ್ಜಿ ಬಿದ್ದ ವಿಷಯ ನಿಮಗೆಲ್ಲ ಗೊತ್ತೇ ಇದೆ. ರಾತ್ರಿ ಬಚ್ಚಲಿಗೆ ಹೋಗಲು ಎದ್ದು, ಕತ್ತಲಲ್ಲಿ ಗೋಡೆ ತಡಕುತ್ತಾ ಸ್ವಿಚ್ಚು ಹುಡುಕುವಾಗ ಹೊಸ್ತಿಲು ಎಡವಿದರು. ಸೊಂಟದ ಮೂಳೆ ಮುರಿಯಿತು. ಬೆಳಿಗ್ಗೆ ನಾನು ಹಾಲು ಕೊಡಲು ಹೋಗುವ ತನಕ ಅಲ್ಲೇ ಬಿದ್ದಿದ್ದರು. ಕೂಗಿದರಂತೆ, ನಮಗೆ ಕೇಳಲಿಲ್ಲ. ಅವರ ಹೆಂಚಿನ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಬರೀ 62 ಹೆಜ್ಜೆ. ನಾನೇ ಎಣಿಸಿದ್ದೇನೆ.

ಆಪರೇಷನ್ ಆಗಿ ವಾಕರ್ ಹಿಡಿದು ನಡೆಯುವಂತಾದ ಮೇಲೆ ಬೆಂಗಳೂರಿನ ದೊಡ್ಡಪ್ಪ ಬಂದು, "ಒಬ್ಬಳೇ ಇರೋದು ಸಾಕು, ನನ್ ಜೊತೆ ಬಾರಮ್ಮ" ಎಂದರು. ಅಮ್ಮ, "ನಮ್ಮ ಮನೆಗಾದ್ರೂ ಬನ್ನಿ ಅತ್ತೆ" ಎಂದರು. ಅಜ್ಜಿ ಎರಡಕ್ಕೂ ಒಪ್ಪಲಿಲ್ಲ. "ನನ್ನ ಒಲೆ ನಾನು ಹಚ್ಚಬೇಕು" ಎಂದರು ಅಷ್ಟೆ. ದೊಡ್ಡಪ್ಪ, "ದೀಪಾವಳಿಗೆ ಬಂದು ನೋಡ್ತೀನಿ. ಆಗಲ್ಲ ಅಂತ ಕಂಡ್ರೆ ಕರ್ಕೊಂಡು ಹೋಗೋದೇ" ಎಂದು ಹೊರಟರು.

ಅಂದಿನಿಂದ ಅಪ್ಪನಿಗೂ ನನಗೂ ಇದೇ ಕೆಲಸ.

ಮೊದಲು ದೀಪ. ವೈರಿಂಗ್ ಮಾಡುವ ಅಣ್ಣ ಟೂ-ವೇ ಸ್ವಿಚ್ಚು ಹಾಕಿಕೊಟ್ಟರು, ಮಂಚದ ಪಕ್ಕ ಒಂದು, ಬಚ್ಚಲ ಬಾಗಿಲಲ್ಲಿ ಒಂದು. ಮಾಮೂಲಿ ಸ್ವಿಚ್ಚಿಗೆ ಎರಡು ತುದಿ ಇದ್ದರೆ ಇದಕ್ಕೆ ಮೂರು. ಎರಡು ಸ್ವಿಚ್ಚುಗಳ ನಡುವೆ ಎರಡು ವೈರು ಓಡುತ್ತವೆ. ಎರಡೂ ಸ್ವಿಚ್ಚು ಒಂದೇ ವೈರಿಗೆ ತಗುಲಿದ್ದರೆ ದೀಪ ಹತ್ತುತ್ತದೆ, ಬೇರೆ ಬೇರೆ ವೈರಿಗೆ ತಗುಲಿದ್ದರೆ ಆರುತ್ತದೆ. ಹೀಗಾಗಿ ಮಲಗಿದಲ್ಲೇ ಹಚ್ಚಿ, ಅಲ್ಲಿ ಹೋಗಿ ಆರಿಸಬಹುದು. ಬಚ್ಚಲಲ್ಲಿ ಹಿಡಿಕೆ ಕೂರಿಸುವುದು ಕಷ್ಟವಾಯಿತು. ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲಲಿಲ್ಲ, ಎಳೆದರೆ ಮಣ್ಣು ಸಮೇತ ಬಂತು. ಕೊನೆಗೆ ಅಪ್ಪ ಕಬ್ಬಿಣದ ಪೈಪನ್ನು ನೆಲಕ್ಕೇ ಹೂತು ಸಿಮೆಂಟು ಹಾಕಿದರು.

ಗಂಟೆಯ ಯೋಚನೆ ಮಾತ್ರ ನನ್ನದು. ವೈರಿಲ್ಲದ ಕಾಲಿಂಗ್ ಬೆಲ್ ತಂದು, ಅದರ ಗುಂಡಿಯನ್ನು ದಾರಕ್ಕೆ ಪೋಣಿಸಿ ಅಜ್ಜಿಯ ಕೊರಳಿಗೆ ಹಾಕಿದೆ. ಗಂಟೆ ನಮ್ಮ ಮನೆಯ ಪ್ಲಗ್ಗಿನಲ್ಲಿ. ಡಬ್ಬಿಯ ಮೇಲೆ 100 ಮೀಟರ್ ಅಂತ ಇತ್ತು, ಆದರೆ ಹೊಡೆಯಲೇ ಇಲ್ಲ! ರೇಡಿಯೋ ಅಲೆಗಳು ದಪ್ಪ ಗೋಡೆ ದಾಟುವಾಗ ಸೊರಗುತ್ತವೆ. ಅಜ್ಜಿ ಮನೆ ಕಡೆಯ ಕಿಟಕಿ ಪಕ್ಕದ ಪ್ಲಗ್ಗಿಗೆ ಬದಲಾಯಿಸಿದ ಮೇಲೆ ಹೊಡೆಯಿತು. ಅಜ್ಜಿಗೆ ನಗು. "ದನಕ್ಕೆ ಕಟ್ಟೋ ಗಂಟೆ ನನಗೆ ಕಟ್ಟಿದ್ಯಲ್ಲೋ ಮಗಾ!"

ಶ್ರಾವಣದಲ್ಲಿ ಒಂದು ರಾತ್ರಿ ಜೋರು ಮಳೆ. ಅಜ್ಜಿ ಮಂಚದಿಂದ ಜಾರಿ ಕೆಳಗೆ ಕೂತುಬಿಟ್ಟರು, ಏಳಲಾಗಲಿಲ್ಲ. ಗುಂಡಿ ಒತ್ತಿದರು, ಒತ್ತಿದರು. ನಮ್ಮಲ್ಲಿ ಸದ್ದೇ ಇಲ್ಲ. ಕರೆಂಟು ಹೋಗಿತ್ತು. ಗುಂಡಿಗೆ ಸೆಲ್ ಇದೆ, ಆದರೆ ಗಂಟೆಗೆ ಕರೆಂಟೇ ಬೇಕು! ಕರೆಂಟು ಬಂದು ಫ್ಯಾನು ತಿರುಗಿದ್ದು ನೋಡಿ ಮತ್ತೆ ಒತ್ತಿದರಂತೆ. ಆಗ ನಾವು ಓಡಿದೆವು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ನಾನು ಮೂವತ್ತು ಸಲ ಪರೀಕ್ಷೆ ಮಾಡಿದ್ದೆ, ಒಂದು ಸಲವೂ ಮೇನ್ ಸ್ವಿಚ್ಚು ಆರಿಸಿ ನೋಡಿರಲಿಲ್ಲ. ಅಜ್ಜಿ ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಈಗ ಸೆಲ್ಲಿನಲ್ಲೇ ಹೊಡೆಯುವ ಗಂಟೆ ಇದೆ. ತಿಂಗಳ ಒಂದನೇ ತಾರೀಕು ಮೇನ್ ಆರಿಸಿ ನೋಡುತ್ತೇನೆ.

ಮಿತ್ರರೇ, ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಒಂದು ಮಾತು. 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇರುವುದು 60 ವರ್ಷ ದಾಟಿದ ಬಡವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಕಿವಿಯ ಯಂತ್ರಗಳನ್ನು ಪುಕ್ಕಟೆಯಾಗಿ ಕೊಡಲಿಕ್ಕೆ. ಹಿರಿಯರ ಸಹಾಯವಾಣಿ 14567.

ಮೊನ್ನೆ ಸಂಜೆ ಗಂಟೆ ಹೊಡೆಯಿತು. ಚಪ್ಪಲಿ ಇಲ್ಲದೆ ಓಡಿದೆ. ಅಜ್ಜಿ ಒಲೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ರೊಟ್ಟಿ ಆರಿ ಹೋಗುತ್ತೆ, ಅದಕ್ಕೇ ಒತ್ತಿದೆ" ಎಂದರು. ಬೈಯೋಣ ಅನ್ನಿಸಿತು, ತಿಂದುಬಿಟ್ಟೆ.

ಜಗಲಿಯ ಎರಡು ಮೆಟ್ಟಿಲು ಇನ್ನೂ ಹಾಗೇ ಇವೆ. ದೀಪಾವಳಿ ಹತ್ತಿರ ಬಂತು. ಗಾರೆಯವರು ಸೋಮವಾರ ಬರ್ತೀನಿ ಅಂದಿದ್ದಾರೆ.

– 10ನೇ ತರಗತಿ