ಕನ್ನಡ ಕಾಣದ ಪರದೆಯಲ್ಲಿ ಕನ್ನಡ ಪಠ್ಯ

ಗ್ರಂಥಸಂಪಾದನೆಯ ಕೆಲಸ ಮಾಡುವವರಿಗೆ ಓಲೆಗರಿ, ಕಾಗದದ ಕಡತ, ಅಚ್ಚಿನ ಪ್ರತಿ ಎಂಬ ಮೂರು ಆಕರಗಳ ಜೊತೆಗೆ ಈಗ ನಾಲ್ಕನೆಯದೊಂದು ಸೇರಿದೆ. ಅದು ಗಣಕದಲ್ಲಿರುವ ಪಠ್ಯ. ಓಲೆಗೆ ಹುಳು ಹಿಡಿಯದಂತೆ ನಿಂಬೆಹುಲ್ಲಿನ ಎಣ್ಣೆ ಸವರುವುದು, ಒಣಗಿದ ಗರಿಯನ್ನು ಮುರಿಯದಂತೆ ಬಿಡಿಸುವುದು, ಮಾಸಿದ ಅಕ್ಷರಕ್ಕೆ ಮಸಿ ತುಂಬಿ ಓದುವುದು ಇವೆಲ್ಲ ಹಸ್ತಪ್ರತಿಶಾಸ್ತ್ರದ ಪಾಠಗಳಲ್ಲಿ ಬರುತ್ತವೆ. ದಿನವಿಡೀ ಪಠ್ಯವನ್ನು ಬೆರಳಚ್ಚಿಸುತ್ತಿರುವಾಗ ಗಣಕದ ಪರದೆ ಇದ್ದಕ್ಕಿದ್ದಂತೆ ಸ್ತಬ್ಧವಾದರೆ ಏನು ಮಾಡಬೇಕೆಂಬುದು ಮಾತ್ರ ಯಾವ ಪಠ್ಯಕ್ರಮದಲ್ಲಿಯೂ ಇದ್ದಂತೆ ಕಾಣೆ. ಲಿನಕ್ಸ್ ವ್ಯವಸ್ಥೆಯನ್ನು ಬಳಸುವ ಸಂಶೋಧಕರಿಗೆ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಅದರ ಹೆಸರು ವರ್ಚುವಲ್ ಟರ್ಮಿನಲ್. ಇದರಿಂದ ನನ್ನ ಕಣ್ಣೆದುರಿಗೇ ಒಂದು ಪ್ರಬಂಧದ ಬಹುಮುಖ್ಯ ಭಾಗ ಉಳಿದುಕೊಂಡದ್ದನ್ನು ಕಂಡಿದ್ದೇನೆ. ಆದುದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅರ್ಥವಾಗುವ ಮಾತಿನಲ್ಲಿ ಅದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಪದದ ವಿಚಾರ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಹುಟ್ಟಿದಾಗ ಇಂದಿನಂತಹ ಪರದೆಗಳು ಬಳಕೆಯಲ್ಲಿರಲಿಲ್ಲ. ಗಣಕದೊಡನೆ ಮಾತಾಡಲು ಇದ್ದದ್ದು ಟೆಲಿಟೈಪ್ ಎಂಬ ಯಂತ್ರ. ಒತ್ತಿದ ಅಕ್ಷರವೂ ಗಣಕದ ಉತ್ತರವೂ ಅದರ ಕಾಗದದ ಸುರುಳಿಯ ಮೇಲೆ ಮುದ್ರಿತವಾಗುತ್ತಿದ್ದವು. ಒಂದೇ ಗಣಕಕ್ಕೆ ಇಂತಹ ಹಲವು ಯಂತ್ರಗಳನ್ನು ಜೋಡಿಸಿ, ಹಲವರು ಏಕಕಾಲಕ್ಕೆ ಕೆಲಸ ಮಾಡುತ್ತಿದ್ದರು. ಆ ಯಂತ್ರ ಮರೆಯಾದರೂ ಅದರ ಸಂಕ್ಷಿಪ್ತ ಹೆಸರಾದ ‘ಟಿಟಿವೈ’ ಇಂದಿಗೂ ಲಿನಕ್ಸಿನಲ್ಲಿ ಉಳಿದಿದೆ. ವಸ್ತು ಅಳಿದ ಮೇಲೂ ಪದ ಬಾಳುವುದಕ್ಕೆ ಭಾಷಾವಿಜ್ಞಾನದ ತರಗತಿಯಲ್ಲಿ ಕೊಡಬಹುದಾದ ಉದಾಹರಣೆಯಿದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸನ್ನು ಆರಂಭಿಸಿದರು. 1992ರ ಜನವರಿಯಲ್ಲಿ ಬಂದ 0.12ನೆಯ ಆವೃತ್ತಿಯಲ್ಲಿ, ಒಂದೇ ಕೀಲಿಮಣೆ ಮತ್ತು ಒಂದೇ ಪರದೆಯನ್ನು ಹಲವು ಟರ್ಮಿನಲ್‌ಗಳಂತೆ ಬಳಸುವ ಸೌಲಭ್ಯ ಸೇರಿತು. ಈಗ ಸಾಮಾನ್ಯವಾಗಿ ಇಂತಹ ಆರು ಟರ್ಮಿನಲ್‌ಗಳು ಬಳಕೆಗೆ ಸಿದ್ಧವಾಗಿರುತ್ತವೆ. ಬೇಕಾದರೆ 63ರವರೆಗೆ ಹೆಚ್ಚಿಸಿಕೊಳ್ಳಬಹುದು.

ಕಂಟ್ರೋಲ್, ಆಲ್ಟ್ ಕೀಲಿಗಳನ್ನು ಒಟ್ಟಿಗೆ ಹಿಡಿದು ಎಫ್3 ಒತ್ತಿದರೆ ಚಿತ್ರಮಯ ಪರದೆ ಸರಿದು, ಕಪ್ಪು ಹಿನ್ನೆಲೆಯ ಮೇಲೆ ಮೂರನೆಯ ಟರ್ಮಿನಲ್ ಬರುತ್ತದೆ. ಎಫ್4 ಒತ್ತಿದರೆ ನಾಲ್ಕನೆಯದು. ಒಂದು ಕಪ್ಪು ಪರದೆಯಿಂದ ಇನ್ನೊಂದಕ್ಕೆ ಹೋಗಲು ಆಲ್ಟ್ ಜೊತೆಗೆ ಎಫ್ ಕೀಲಿಯಷ್ಟೇ ಸಾಕು. ಚಿತ್ರಮಯ ಪರದೆಯೊಳಗೆ ನಾವು ತೆರೆಯುವ ಟರ್ಮಿನಲ್ ಕಿಟಕಿ ಬೇರೆ, ಇದು ಬೇರೆ. ಆ ಕಿಟಕಿಯು ಚಿತ್ರಮಯ ಪರದೆಯನ್ನು ಆಶ್ರಯಿಸಿದೆ. ಪರದೆ ನಿಂತರೆ ಅದೂ ನಿಲ್ಲುತ್ತದೆ. ಇದು ಹಾಗಲ್ಲ. ಚಿತ್ರಮಯ ಪರದೆಯೇ ಇಂತಹ ಟರ್ಮಿನಲ್‌ಗಳಲ್ಲೊಂದನ್ನು ಆಶ್ರಯಿಸಿ ನಡೆಯುತ್ತಿರುತ್ತದೆ.

ಬೀದರಿನ ಗಾಂಧಿ ಗಂಜದಲ್ಲಿ ಕುಳಿತು ಇದನ್ನು ವಿವರಿಸುವುದು ಕಷ್ಟವಲ್ಲ. ತೊಗರಿ, ಉದ್ದು, ಹೆಸರು, ಕಡಲೆಗಳ ಚೀಲಗಳ ನಡುವೆ ಅಡತಿ ಅಂಗಡಿಯವರು ಕೀರ್ದಿಯನ್ನೂ ಖತಾವಣಿಯನ್ನೂ ಬೇರೆ ಬೇರೆ ಇಡುತ್ತಾರೆ. ಕೀರ್ದಿಯ ಮೇಲೆ ನೀರು ಚೆಲ್ಲಿದರೂ ಖತಾವಣಿ ನೋಡಿ ಯಾರ ಬಾಕಿ ಎಷ್ಟೆಂದು ಹೇಳಬಹುದು. ಒಬ್ಬನೇ ಗುಮಾಸ್ತ ಒಬ್ಬ ರೈತನೊಡನೆ ಕನ್ನಡದಲ್ಲಿ, ಇನ್ನೊಬ್ಬನೊಡನೆ ಮರಾಠಿಯಲ್ಲಿ, ಲಾರಿಯವನೊಡನೆ ದಖ್ಖನಿಯಲ್ಲಿ, ಗಡಿಯಾಚೆಯ ವ್ಯಾಪಾರಿಯೊಡನೆ ತೆಲುಗಿನಲ್ಲಿ ವ್ಯವಹರಿಸುವುದನ್ನೂ ಅಲ್ಲಿ ಕಾಣಬಹುದು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಊರಿನ ರೂಢಿಯದು. ಅಂಗಡಿ ಒಂದೇ, ಮಾತುಕತೆ ಹಲವು. ಲಿನಕ್ಸಿನ ಕೇಂದ್ರಭಾಗವೂ ಹೀಗೆಯೇ ಒಂದು ಟರ್ಮಿನಲ್ಲಿನ ಮಾತನ್ನು ಇನ್ನೊಂದಕ್ಕೆ ಬೆರೆಸದೆ ಎಲ್ಲವನ್ನೂ ನಡೆಸುತ್ತದೆ.

ಈ ಗಂಜದಲ್ಲಿ ಬೇಳೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಔರಾದ ತಾಲ್ಲೂಕಿನ ಸಂಶೋಧನ ವಿದ್ಯಾರ್ಥಿಯೊಬ್ಬ ಬಾಡಿಗೆಗಿದ್ದ. ಹಳಗನ್ನಡ ಚಂಪೂ ಕಾವ್ಯವೊಂದರ ಅಚ್ಚಿನ ಪ್ರತಿಯನ್ನು ಖಾಸಗಿ ಮನೆತನವೊಂದರಲ್ಲಿದ್ದ ಕಡತದೊಡನೆ ಹೋಲಿಸಿ ಪಾಠಾಂತರಗಳನ್ನು ಗುರುತಿಸುತ್ತಿದ್ದ. ಕಡತವನ್ನು ಮನೆಯವರು ಕೊಟ್ಟದ್ದು ಎರಡೇ ದಿನಕ್ಕೆ. ಚಿತ್ರ ತೆಗೆಯಲು ಅವರು ಒಪ್ಪಿರಲಿಲ್ಲ. ಎರಡನೆಯ ದಿನ ಸಂಜೆ ಕಡತ ಹಿಂದಿರುಗಿತು. ಅದೇ ಸಂಜೆ ನಾನು ಅವನ ಕೋಣೆಗೆ ಹೋದಾಗ ಪರದೆ ನಿಶ್ಚಲವಾಗಿತ್ತು. ಇಲಿ ಅಲುಗಾಡಿಸಿದರೆ ಬಾಣ ಕದಲುತ್ತಿರಲಿಲ್ಲ. ಕೊನೆಯ ಮೂರು ತಾಸಿನಲ್ಲಿ ಗುರುತಿಸಿದ ಪಾಠಾಂತರಗಳು ಇನ್ನೂ ಡಿಸ್ಕಿಗೆ ಇಳಿದಿರಲಿಲ್ಲ. ಗಣಕದ ಸ್ಮೃತಿಯಲ್ಲಿ ಮಾತ್ರ ಇದ್ದವು. ಹುಡುಗನ ಬೆರಳು ಆಗಲೇ ಪವರ್ ಬಟನ್ ಮೇಲಿತ್ತು.

“ಬಂದ್ ಮಾಡಿ ಚಾಲೂ ಮಾಡ್ಲೇನ್ರಿ ಸರ್?” ಎಂದ.

“ತಡಿಯಪ್ಪ, ಹಂಗ ಮಾಡಬ್ಯಾಡ” ಎಂದು ಅವನನ್ನು ಪಕ್ಕಕ್ಕೆ ಕೂರಿಸಿದೆ.

ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಅರ್ಧ ನಿಮಿಷದ ಮೇಲೆ ಕಪ್ಪು ಪರದೆ ಮೂಡಿತು. ಬಳಕೆದಾರನ ಹೆಸರು ಕೊಟ್ಟ ಮೇಲೆ ಗುಪ್ತಪದ ಕೇಳಲು ಗಣಕ ಬಹಳ ಹೊತ್ತು ತೆಗೆದುಕೊಂಡಿತು. ಅಷ್ಟರಲ್ಲಿ 60 ಸೆಕೆಂಡು ಮೀರಿತು, ಪ್ರವೇಶ ತಾನಾಗಿ ರದ್ದಾಯಿತು. ಲಿನಕ್ಸಿನ ಪ್ರವೇಶ ಕಾರ್ಯಕ್ರಮಕ್ಕೆ ಹೀಗೊಂದು ಕಾಲಮಿತಿಯುಂಟು. ಗುಪ್ತಪದ ತಪ್ಪಾಗಿದೆಯೆಂದು ಹೊಸಬರು ಗಾಬರಿಯಾಗುವುದು ಇಲ್ಲಿಯೇ. ಮೂರನೆಯ ಸಲ ಒಳಗೆ ಹೋಗಲು ಸಾಧ್ಯವಾಯಿತು. ‘ಟಾಪ್’ ಎಂಬ ಆಜ್ಞೆ ಕೊಟ್ಟು, ಸ್ಮೃತಿಯ ಬಳಕೆಗೆ ಅನುಗುಣವಾಗಿ ಪಟ್ಟಿ ಜೋಡಿಸಿ ನೋಡಿದಾಗ ಕಾರಣ ತಿಳಿಯಿತು. ಅಚ್ಚಿನ ಪ್ರತಿಯ ಪುಟಚಿತ್ರಗಳಿಂದ ಅಕ್ಷರಗಳನ್ನು ಓದಿಸುವ ಟೆಸರ‍್ಯಾಕ್ಟ್ ಎಂಬ ತಂತ್ರಾಂಶವನ್ನು ಅವನು ಹಿನ್ನೆಲೆಯಲ್ಲಿ ಓಡಿಸಿದ್ದ. ಹಲವು ಪುಟಗಳು ಏಕಕಾಲಕ್ಕೆ ನಡೆಯುತ್ತಿದ್ದು ಸ್ಮೃತಿಯೆಲ್ಲ ತುಂಬಿಹೋಗಿತ್ತು. ಗಣಕವು ಸ್ಮೃತಿಯಲ್ಲಿ ಹಿಡಿಯದ್ದನ್ನು ಡಿಸ್ಕಿಗೆ ಇಳಿಸುವುದು, ಮತ್ತೆ ಮೇಲೆತ್ತುವುದು ಇದರಲ್ಲಿಯೇ ದಣಿಯುತ್ತಿತ್ತು. ಬರೆಯುತ್ತಿದ್ದ ತಂತ್ರಾಂಶದಲ್ಲಿ ದೋಷವೇನೂ ಇರಲಿಲ್ಲ. ಅದು ತನ್ನ ಸರದಿಗೆ ಕಾಯುತ್ತಿತ್ತು ಅಷ್ಟೆ.

‘ಕಿಲ್’ ಆಜ್ಞೆಯಿಂದ ಅಕ್ಷರ ಓದಿಸುವ ಕೆಲಸಗಳನ್ನಷ್ಟೇ ನಿಲ್ಲಿಸಿದೆವು. ಈ ಆಜ್ಞೆಗೆ ಹಲವು ಸಂಜ್ಞೆಗಳಿವೆ. 15ನೆಯ ಸಂಜ್ಞೆ ಕಾರ್ಯಕ್ರಮಕ್ಕೆ ‘ಕೆಲಸ ಮುಗಿಸಿ ಹೊರಡು’ ಎಂದು ತಿಳಿಸುತ್ತದೆ. 9ನೆಯದು ಅದಕ್ಕೆ ಮಾತಾಡಲೂ ಅವಕಾಶ ಕೊಡದೆ ಹೊರಹಾಕುತ್ತದೆ. ಮೊದಲು 15, ಅದಕ್ಕೆ ಬಗ್ಗದಿದ್ದರೆ ಮಾತ್ರ 9 ಎಂಬುದು ನಿಯಮ. ಒಂದೆರಡು ನಿಮಿಷಗಳಲ್ಲಿ ಸ್ಮೃತಿ ಬಿಡುವಾಯಿತು. ಕಂಟ್ರೋಲ್, ಆಲ್ಟ್, ಎಫ್2 ಒತ್ತಿ ಹಿಂದಿರುಗಿದಾಗ ಪರದೆಯ ಮೇಲೆ ಬಾಣ ಚಲಿಸಿತು. ಮೂರು ತಾಸಿನ ಪಾಠಾಂತರಗಳೂ ಅಲ್ಲಿದ್ದವು. ಪವರ್ ಬಟನ್ ಒತ್ತಿದ್ದರೆ ಆ ಕಡತಕ್ಕಾಗಿ ಆ ಮನೆಯ ಬಾಗಿಲಿಗೆ ಮತ್ತೆ ಹೋಗಬೇಕಾಗುತ್ತಿತ್ತು. ಮತ್ತೆ ಕೊಡುತ್ತಿದ್ದರೆಂಬ ಭರವಸೆಯೇನೂ ಇರಲಿಲ್ಲ.

ಅಂದಿನಿಂದ ಅವನ ಕೆಲಸದ ಕ್ರಮ ಬದಲಾಯಿತು. ಗಣಕವನ್ನು ಆರಂಭಿಸಿದೊಡನೆ ಮೂರನೆಯ ಟರ್ಮಿನಲ್ಲಿಗೆ ಹೋಗಿ ಪ್ರವೇಶ ಪಡೆದು, ‘ಟಾಪ್’ ತೆರೆದಿಟ್ಟು ಬರುತ್ತಾನೆ. ಸಂಕಟದ ಹೊತ್ತಿನಲ್ಲಿ ಗುಪ್ತಪದ ಕೊಡುವ ಪರದಾಟವಿಲ್ಲ. ಆದರೆ ಚಿತ್ರಮಯ ಪರದೆಗೆ ಬೀಗ ಹಾಕಿದರೆ ಈ ಟರ್ಮಿನಲ್ಲಿಗೆ ಬೀಗ ಬೀಳುವುದಿಲ್ಲ. ಹತ್ತು ಜನ ಓಡಾಡುವ ಇಲಾಖೆಯಲ್ಲಿಯೋ ಗ್ರಂಥಾಲಯದಲ್ಲಿಯೋ ಹೀಗೆ ತೆರೆದಿಡಬಾರದು. ‘ವಿಲಾಕ್’ ಎಂಬ ಆಜ್ಞೆಯಿಂದ ಪ್ರತ್ಯೇಕವಾಗಿ ಬೀಗ ಹಾಕಬೇಕು. ಅಕ್ಷರ ಓದಿಸುವ ಕೆಲಸ ಈಗ ನಾಲ್ಕನೆಯ ಟರ್ಮಿನಲ್ಲಿನಲ್ಲಿ ಒಂದೊಂದೇ ಪುಟವಾಗಿ ನಡೆಯುತ್ತದೆ. ಚಿತ್ರಮಯ ಪರದೆ ಕುಸಿದರೂ ಅದಕ್ಕೆ ಬಾಧೆಯಿಲ್ಲ.

ಅಂದು ಇನ್ನೊಂದು ಗಾಬರಿಯೂ ಕಾದಿತ್ತು. ಕಪ್ಪು ಪರದೆಯಲ್ಲಿ ಅವನ ಕಡತಗಳ ಪಟ್ಟಿ ತೆಗೆದಾಗ ಕನ್ನಡದ ಹೆಸರುಗಳಿದ್ದೆಡೆ ಬರೀ ಚೌಕಗಳು ಕಂಡವು. “ಅಕ್ಷರ ಎಲ್ಲಾ ಹೋದ್ವಲ್ರಿ ಸರ್” ಎಂದು ಅವನ ದನಿ ನಡುಗಿತು. ಅಕ್ಷರಗಳು ಎಲ್ಲಿಗೂ ಹೋಗಿರಲಿಲ್ಲ. ಲಿನಕ್ಸಿನ ಈ ಪರದೆಯ ಅಕ್ಷರಪೆಟ್ಟಿಗೆಯಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಸ್ಥಳವಿದೆ. ಪ್ರತಿಯೊಂದು ಆಕಾರವೂ ಸಮಾನ ಅಳತೆಯ ಮನೆಯೊಳಗೆ ಕೂರಬೇಕು. ಗುಣಿತ, ಒತ್ತಕ್ಷರಗಳನ್ನು ಕೂಡಿಸಿ ಆಕಾರ ಕೊಡುವ ವಿದ್ಯೆ ಅದಕ್ಕೆ ತಿಳಿಯದು. ಹೀಗಾಗಿ ಅಲ್ಲಿ ಕನ್ನಡ ಕಾಣುವುದಿಲ್ಲ, ಕನ್ನಡದಲ್ಲಿ ಬರೆಯಲೂ ಆಗುವುದಿಲ್ಲ. ಗುಪ್ತಪದವನ್ನು ಕನ್ನಡದಲ್ಲಿ ಇಟ್ಟುಕೊಂಡವರು ಈ ಬಾಗಿಲಿನಿಂದ ಒಳಗೆ ಬರಲಾರರು. ಮುಖ್ಯ ಕಡತಗಳಿಗೆ ರೋಮನ್ ಅಕ್ಷರ ಮತ್ತು ಅಂಕಿಗಳಿಂದ ಹೆಸರಿಡುವುದು ಒಳ್ಳೆಯದೆಂದು ನಾನು ಹೇಳುವುದು ಭಾಷಾಭಿಮಾನದ ಕೊರತೆಯಿಂದಲ್ಲ, ಈ ಕಾರಣದಿಂದ.

ಕಾಣದಿದ್ದರೂ ಪಠ್ಯ ಅಲ್ಲಿಯೇ ಇದೆಯೆಂದು ತಿಳಿಯುವ ಬಗೆಯೇನು? ಎಣಿಸಿ ನೋಡುವುದು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಛಂದಸ್ಸಿನ ದೃಷ್ಟಿಯಲ್ಲಿ ಅದರಲ್ಲಿ ಅಕ್ಷರ 3, ಮಾತ್ರೆ 4. ಯುನಿಕೋಡ್ ಲೆಕ್ಕದಲ್ಲಿ ಕ, ನ, ಹಲಂತದ ಚಿಹ್ನೆ, ನ, ಡ ಎಂದು ಸಂಕೇತ 5. ಪ್ರತಿ ಸಂಕೇತಕ್ಕೂ 3 ಬೈಟ್‌ಗಳಂತೆ ಡಿಸ್ಕಿನಲ್ಲಿ ಅದು ಹಿಡಿಯುವ ಸ್ಥಳ 15 ಬೈಟ್. ‘ಡಬ್ಲ್ಯುಸಿ’ ಎಂಬ ಆಜ್ಞೆ ಕೊನೆಯ ಎರಡು ಎಣಿಕೆಗಳನ್ನೂ ಹೇಳುತ್ತದೆ. ಮೂಲದ ಮತ್ತು ನಕಲಿನ ಎಣಿಕೆ ಹೊಂದಿದರೆ ಅರ್ಧ ನೆಮ್ಮದಿ. ‘ಡಿಫ್’ ಆಜ್ಞೆ ಎರಡರ ನಡುವೆ ಭೇದವಿಲ್ಲವೆಂದರೆ ಪೂರ್ಣ ನೆಮ್ಮದಿ.

ಕಣ್ಣಿಗೆ ಕಾಣುವ ಕನ್ನಡವೇ ಮರೆಮಾಡುವ ಸಂಗತಿಗಳೂ ಈ ದಾರಿಯಲ್ಲಿ ಬಯಲಾಗುತ್ತವೆ. ‘ಕೋ’ ಎಂಬ ಅಕ್ಷರದ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರ, ದೀರ್ಘಗಳ ಚಿಹ್ನೆಗಳನ್ನು ಒಂದರ ಮುಂದೊಂದು ಜೋಡಿಸಿಯೂ ಬರೆಯಬಹುದು. ಪರದೆಯಲ್ಲಿಯೂ ಮುದ್ರಣದಲ್ಲಿಯೂ ಎರಡೂ ಒಂದೇ. ಬೈಟ್‌ಗಳು ಮಾತ್ರ ಬೇರೆ. ಇವನ ಎರಡು ಕಡತಗಳನ್ನು ಹೋಲಿಸಿದಾಗ ‘ಡಿಫ್’ ತೋರಿಸಿದ ಭೇದಗಳಲ್ಲಿ ಹಲವು ಈ ಬಗೆಯವು. ಅವು ಕವಿಯ ಪಾಠಾಂತರವೂ ಅಲ್ಲ, ಲಿಪಿಕಾರನ ಸ್ಖಾಲಿತ್ಯವೂ ಅಲ್ಲ, ಕೀಲಿಮಣೆಯ ಭೇದ. ಹೋಲಿಸುವ ಮೊದಲು ಎರಡೂ ಕಡತಗಳನ್ನು ಏಕರೂಪದ ಸಂಕೇತಕ್ರಮಕ್ಕೆ ತಂದುಕೊಂಡರೆ ನಿಜವಾದ ಪಾಠಾಂತರಗಳಷ್ಟೇ ಉಳಿಯುತ್ತವೆ.

ಹಳಗನ್ನಡ ಓದುವವರಿಗೆ ಇಲ್ಲಿ ಇನ್ನೊಂದು ಕೌತುಕವಿದೆ. ‘ಏೞು’ ಎಂಬಲ್ಲಿ ಬರುವ ೞಕಾರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಕೊಟ್ಟಿರುವ ಹೆಸರು ‘ಕನ್ನಡ ಲೆಟರ್ ಎಫ್ಎ’, ಎಂದರೆ ‘ಫ’ ಎಂದು. ಅದು ಹೆಸರಿಡುವಾಗ ಆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲವೆಂಬುದು ಆ ಸಂಸ್ಥೆಯ ನಿಯಮವಾದ್ದರಿಂದ, ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಿದ್ದಾರೆ. ಕಪ್ಪು ಪರದೆಯಲ್ಲಿ ಪೈಥಾನ್ ಭಾಷೆಯ ನೆರವಿನಿಂದ ಒಂದೊಂದು ಸಂಕೇತದ ಹೆಸರು ಕೇಳಿದರೆ ಈ ಹಳೆಯ ಹೆಸರೇ ಬರುತ್ತದೆ. ತನ್ನ ಪಠ್ಯದ ೞಕಾರಗಳೆಲ್ಲ ಫಕಾರಗಳಾಗಿವೆಯೆಂದು ವಿದ್ಯಾರ್ಥಿ ಹೆದರಬೇಕಾಗಿಲ್ಲ.

ಕೆಲವು ಸಣ್ಣ ತೊಡಕುಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಎಫ್ ಕೀಲಿಗಳು ಬೆಳಕು, ಧ್ವನಿಗಳ ಹೊಂದಾಣಿಕೆಗೆ ಮೀಸಲಾಗಿದ್ದರೆ ಎಫ್ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು. ಗುಪ್ತಪದ ಬರೆಯುವಾಗ ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆಯೆಂದು ತಿಳಿಯಬಾರದು. ಚಿತ್ರಮಯ ಪರದೆ ಹಿಂದೆ ಏಳನೆಯ ಟರ್ಮಿನಲ್ಲಿನಲ್ಲಿ ಇರುತ್ತಿತ್ತು. ಈಗ ಅನೇಕ ವ್ಯವಸ್ಥೆಗಳಲ್ಲಿ ಒಂದು ಅಥವಾ ಎರಡನೆಯದರಲ್ಲಿರುತ್ತದೆ. ಎಫ್7 ಒತ್ತಿದಾಗ ಏನೂ ಕಾಣದಿದ್ದರೆ ಅವೆರಡನ್ನು ಒತ್ತಿ ನೋಡಬೇಕು. ಪರದೆಯಿಂದ ಮೇಲಕ್ಕೆ ಸರಿದುಹೋದ ಸಾಲುಗಳನ್ನು ಶಿಫ್ಟ್ ಮತ್ತು ಪೇಜ್‌ಅಪ್ ಒತ್ತಿ ಹಿಂದಕ್ಕೆ ತರುವ ಸೌಲಭ್ಯವನ್ನು 2020ರ 5.9ನೆಯ ಆವೃತ್ತಿಯಿಂದ ತೆಗೆದಿದ್ದಾರೆ. ಉದ್ದನೆಯ ಪಟ್ಟಿಯನ್ನು ‘ಲೆಸ್’ ಎಂಬ ಆಜ್ಞೆಯ ಮೂಲಕ ಪುಟಪುಟವಾಗಿ ಓದಬೇಕು. ಡಿಸ್ಕ್ ಪೂರ್ತಿ ತುಂಬಿದ್ದರೂ ಚಿತ್ರಮಯ ಪರದೆಗೆ ಪ್ರವೇಶ ಸಿಗದೆ ಹೋಗಬಹುದು. ‘ಡಿಎಫ್’ ಆಜ್ಞೆ ಅದನ್ನು ತಿಳಿಸುತ್ತದೆ.

ಸಂಪಾದಿತ ಕೃತಿಯ ಪೀಠಿಕೆಯಲ್ಲಿ ಬಳಸಿದ ಹಸ್ತಪ್ರತಿಗಳ ವಿವರ, ಅವುಗಳ ಸಂಕೇತಾಕ್ಷರ, ಗರಿಗಳ ಸಂಖ್ಯೆ, ದೊರೆತ ಸ್ಥಳ ಇವನ್ನು ಕೊಡುವುದು ನಮ್ಮಲ್ಲಿ ರೂಢಿ. ಪಠ್ಯವನ್ನು ಗಣಕದಲ್ಲಿ ಸಿದ್ಧಪಡಿಸುವ ಇಂದಿನ ಸಂಪಾದಕರು ಅದರೊಡನೆ ಎರಡು ಸಾಲು ಸೇರಿಸಬೇಕೆಂದು ನನ್ನ ಸೂಚನೆ: ಪಠ್ಯವನ್ನು ಯಾವ ಸಂಕೇತಕ್ರಮಕ್ಕೆ ಏಕರೂಪಗೊಳಿಸಲಾಗಿದೆ, ಅಲಂಕಾರಗಳಿಲ್ಲದ ಸರಳ ಪಠ್ಯರೂಪದ ಪ್ರತಿ ಎಲ್ಲಿದೆ. ಗಂಜದ ಆ ವಿದ್ಯಾರ್ಥಿ ತನ್ನ ಪ್ರಬಂಧದ ಪೀಠಿಕೆಯ ಕರಡಿನಲ್ಲಿ ಈ ಎರಡು ಸಾಲುಗಳನ್ನು ಬರೆದಿದ್ದಾನೆ. ಮುಂದೆ ಅದೇ ಕಾವ್ಯವನ್ನು ಕೈಗೆತ್ತಿಕೊಳ್ಳುವವರು ಅವನ ಪಾಠಾಂತರಗಳಲ್ಲಿ ಕವಿಯದು ಯಾವುದು, ಲಿಪಿಕಾರನದು ಯಾವುದು, ಕೀಲಿಮಣೆಯದು ಯಾವುದು ಎಂದು ಬೇರ್ಪಡಿಸಲು ಅಷ್ಟು ಸಾಕು.